ಆಪರೇಷನ್ನು ಮತ್ತು ಹೂಕೋಸು

ಶನಿವಾರದ ಕೊನೇ ಪಿರಿಯಡ್ಡಿನಲ್ಲಿ ಪಾಠ ಯಾರಿಗೂ ಬೇಡ, ಮೇಷ್ಟ್ರಿಗೂ ಬೇಡ. ಹೊಟ್ಟೆ ಚುರುಗುಡುತ್ತಿರುತ್ತದೆ, ಎಲ್ಲರ ಕಿವಿ ಗಂಟೆಯ ಕಡೆಗೇ ಇರುತ್ತದೆ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಂಥ ಒಂದು ಶನಿವಾರ ನಮ್ಮ ಇಂಗ್ಲಿಷ್ ಮೇಷ್ಟ್ರು ಬೋರ್ಡಿನ ಮೇಲೆ ಐದೇ ಐದು ಅಕ್ಷರ ಬರೆದರು: ಎ, ಇ, ಐ, ಓ, ಯು. "ಈ ಐದೂ ಇರೋ ಪದ ಹುಡುಕ್ಕೊಂಡು ಬನ್ನಿ. ಪದದಲ್ಲಿ ಎಷ್ಟು ಅಕ್ಷರವೋ ಅಷ್ಟು ಮಾರ್ಕ್ಸು. ಯಾವುದಾದರೂ ಸ್ವರ ಎರಡು ಸಲ ಬಂತೋ, ಸೊನ್ನೆ."

ನಾವು ಕನ್ನಡ ಮೀಡಿಯಂ. ನಮಗೆ ಸ್ವರ ಅಂದರೆ ಕಿವಿಗೆ ಕೇಳಿಸುವಂಥದ್ದು. ಹೇಳಿದ್ದನ್ನೇ ಬರೆದು, ಬರೆದದ್ದನ್ನೇ ಓದಿ ಬೆಳೆದವರು. ಹಾಗಾಗಿ ಮೊದಲು ಕೈ ಎತ್ತಿದ ಹುಡುಗ ಧೈರ್ಯವಾಗಿ "ಆಪರೇಷನ್ನು ಸಾರ್" ಅಂದ. ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಎಣಿಸಿದರು. ಓ ಇದೆ, ಇ ಇದೆ, ಎ ಇದೆ, ಐ ಇದೆ. ಓ ಎರಡು ಸಲ ಬಂದಿದೆ, ಅದು ಹಾಗಿರಲಿ, ಯು ಎಲ್ಲಿ? "ಕೊನೇಲಿ 'ನ್ನು' ಇದೆಯಲ್ಲ ಸಾರ್!" ಇಡೀ ಕ್ಲಾಸು ನಕ್ಕಿತು, ಮೇಷ್ಟ್ರು ಎಲ್ಲರಿಗಿಂತ ಜಾಸ್ತಿ ನಕ್ಕರು. ಬಸ್ಸು, ಕಾರು, ಪೆನ್ನು ಅಂತ ಸಿಕ್ಕಿದ್ದಕ್ಕೆಲ್ಲ ನಾವು ಕಟ್ಟುವ ಆ ಉಕಾರದ ಬಾಲ ಇಂಗ್ಲಿಷಿನವರಿಗೆ ಇಲ್ಲ ಅಂತ ನನಗೆ ನಿಜವಾಗಿ ಹೊಳೆದದ್ದು ಅವತ್ತೇ.

ಆಮೇಲೆ ಹುಚ್ಚು ಹಿಡಿಯಿತು ನೋಡಿ. ಗೊಬ್ಬರದ ಅಂಗಡಿ ಬೋರ್ಡಿನಲ್ಲಿದ್ದ 'ಆಥರೈಸ್ಡ್' ಒಬ್ಬನಿಗೆ ಸಿಕ್ಕಿತು, ಹತ್ತು ಮಾರ್ಕ್ಸು. ನಮ್ಮೆಲ್ಲರ ಪ್ರೋಗ್ರೆಸ್ ಕಾರ್ಡಿನಲ್ಲೇ 'ಬಿಹೇವಿಯರ್' ಕೂತಿತ್ತು, ಅದರ ಎದುರಿಗೆ ಮಾತ್ರ ನಮಗೆ ಬರುತ್ತಿದ್ದದ್ದು 'ಸಾಧಾರಣ'. 'ಎಜುಕೇಷನ್' ಒಂಬತ್ತು ಅಕ್ಷರ. 'ನ್ಯುಮೋನಿಯಾ' ಕೂಡ ಒಂಬತ್ತೇ, ಅದರಲ್ಲಿ ಸುಮ್ನೆ ಮುಂದೆ ಬಂದು ನಿಂತಿರುವ, ಯಾರೂ ಉಚ್ಚರಿಸದ ಪಿ ಗೂ ಒಂದು ಮಾರ್ಕ್ಸು ಸಿಗುತ್ತಿತ್ತು. ಎಲ್ಲರನ್ನೂ ಮೀರಿಸಿದವಳು ಹಿಂದಿನ ಬೆಂಚಿನ ಹುಡುಗಿ. ಅವಳ ಅಪ್ಪನದು ಸಂತೆಯಲ್ಲಿ ತರಕಾರಿ ವ್ಯಾಪಾರ. ಸೋಮವಾರ ಬಂದವಳೇ "ಕಾಲಿಫ್ಲವರ್" ಅಂದು ಕೂತುಬಿಟ್ಟಳು. ಹನ್ನೊಂದು ಅಕ್ಷರ, ಐದೂ ಸ್ವರ, ಒಂದೊಂದೇ ಸಲ. ನಾವೆಲ್ಲ ನಿಘಂಟು ತಡಕಾಡುತ್ತಿದ್ದರೆ ಅವಳಿಗೆ ಹೂಕೋಸಿನಲ್ಲಿ ಸಿಕ್ಕಿತ್ತು.

ಮೇಷ್ಟ್ರು ಉಲ್ಟಾ ಲೆಕ್ಕವನ್ನೂ ಕೊಡುತ್ತಿದ್ದರು. 'ರಿದಮ್' ಬರೆದು ಸ್ವರ ತೋರಿಸಿ ಅಂದರು. ಬಾಯಲ್ಲಿ ಎರಡು ಕೇಳಿಸುತ್ತದೆ, ಬೋರ್ಡಿನಲ್ಲಿ ಆ ಐದರಲ್ಲಿ ಒಂದೂ ಇಲ್ಲ. 'ಸ್ಟ್ರೆಂಗ್ತ್ಸ್' ಅಂತೂ ಒಂಬತ್ತು ಅಕ್ಷರಕ್ಕೆ ಒಂದೇ ಒಂದು ಇ. ಅದನ್ನು ಕನ್ನಡದಲ್ಲಿ ಬರೆಯಿರಿ ಅಂದಾಗ ಒತ್ತಕ್ಷರಗಳು ಸಾಲಿನ ಕೆಳಗೆ ಬಾವಲಿಗಳ ಹಾಗೆ ನೇತಾಡಿದವು.

ಕೊನೆಗೆ ಬಂತು ದೊಡ್ಡ ಸವಾಲು. ಐದು ಸ್ವರ ಇದ್ದರೆ ಸಾಲದು, ಎ, ಇ, ಐ, ಓ, ಯು ಅದೇ ಸಾಲಿನಲ್ಲಿ ಬರಬೇಕು. ಬಹುಮಾನ, ಅವರ ಜೇಬಿನಲ್ಲಿದ್ದ ಹೀರೋ ಪೆನ್. ಲೈಬ್ರರಿಯ ಬೀರುವಿನಲ್ಲಿದ್ದ ದಪ್ಪ ಇಂಗ್ಲಿಷ್-ಕನ್ನಡ ನಿಘಂಟನ್ನು ನಾನು ಮೊದಲ ಪುಟದಿಂದ ಹಿಡಿದೆ. ದಿನಾ ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಕೂಡಲೇ ಅಲ್ಲಿಗೆ. ಪುಟಕ್ಕೆ ಎರಡು ಕಾಲಂ, ಬೆರಳಿಟ್ಟುಕೊಂಡು ಇಳಿಯುವುದು, ಬೆರಳ ತುದಿ ಧೂಳಿಗೆ ಕಪ್ಪಾಗುವುದು. ಅರ್ಥ ಓದಬಾರದು ಅಂದುಕೊಂಡೇ ಶುರು ಮಾಡುತ್ತಿದ್ದೆ, ಆದರೆ ಓದದೆ ಇರೋಕೆ ಆಗುತ್ತಾ? ಎಫ್ ಗೆ ಬರುವಷ್ಟರಲ್ಲಿ ಎರಡು ತಿಂಗಳಾಗಿತ್ತು. ಅಲ್ಲಿ ಸಿಕ್ಕಿತು, 'ಫಸೀಷಿಯಸ್', ಅಂದರೆ ಹೊತ್ತಲ್ಲದ ಹೊತ್ತಲ್ಲಿ ತಮಾಷೆ ಮಾಡುವ. ಒಂಬತ್ತು ಅಕ್ಷರ, ಐದೂ ಸ್ವರ ಡ್ರಿಲ್ಲಿಗೆ ನಿಂತ ಹಾಗೆ ಸಾಲಾಗಿ. ಪುಸ್ತಕ ಎತ್ತಿಕೊಂಡು ಸ್ಟಾಫ್ ರೂಮಿಗೆ ಓಡಿದೆ.

ಮೇಷ್ಟ್ರು ನೋಡಿ, "ಎಲ್ಲಿಂದ ಶುರು ಮಾಡಿದ್ದೆ?" ಅಂದರು. ಎ ಇಂದ ಸಾರ್ ಅಂದೆ. ಅವರು ಏನೂ ಹೇಳದೆ ಪುಟಗಳನ್ನು ಹಿಂದಕ್ಕೆ ಮಗುಚುತ್ತಾ ಹೋದರು, ಹೆಚ್ಚು ಕಡಿಮೆ ರಟ್ಟಿನ ತನಕ. ಅಲ್ಲಿ ಬೆರಳಿಟ್ಟರು. 'ಆಬ್ಸ್ಟೀಮಿಯಸ್', ತಿನ್ನೋದು ಕುಡಿಯೋದರಲ್ಲಿ ಹಿತಮಿತವಾಗಿರುವ. ಹತ್ತು ಅಕ್ಷರ. ಮೊದಲ ದಿನವೇ ನಾನು ಅದರ ಮೇಲೆ ಬೆರಳು ಆಡಿಸಿಕೊಂಡು ಹೋಗಿದ್ದೆ! ಎಲ್ಲವೂ 'ಆಬ್', 'ಆಬ್' ಅಂತ ಶುರುವಾಗುವ ಆ ಪುಟಗಳಲ್ಲಿ ಕಣ್ಣು ಜಾರಿತ್ತು. ಪೆನ್ ಕೊಟ್ಟರು ಅನ್ನಿ. ಆದರೆ ಆ ಒಂದು ಮಾರ್ಕ್ಸು ಹೋಯಿತಲ್ಲ ಅನ್ನುವ ಹೊಟ್ಟೆ ಉರಿ ನನಗೆ ಇವತ್ತಿಗೂ ಇದೆ.

ಬೆಂಗಳೂರಿಗೆ ಬಂದ ಮೇಲೆ ಒಮ್ಮೆ ಅಷ್ಟಾವಧಾನ ನೋಡಲು ಹೋಗಿದ್ದೆ. ಅದರಲ್ಲಿ ನಿಷೇಧಾಕ್ಷರಿ ಅಂತ ಒಂದು ಭಾಗ. ಅವಧಾನಿಗಳು ಪದ್ಯದ ಒಂದೊಂದೇ ಅಕ್ಷರ ಹೇಳುತ್ತಾ ಹೋದ ಹಾಗೆ, ಮುಂದೆ ಇಂಥ ಅಕ್ಷರ ಬರಕೂಡದು ಅಂತ ಪೃಚ್ಛಕರು ಅಡ್ಡ ಹಾಕುತ್ತಾರೆ. ನಮ್ಮ ಮೇಷ್ಟ್ರ ಆಟವನ್ನು ತಿರುಗಿಸಿ ಹಾಕಿದ ಹಾಗೆ. ಪಕ್ಕದವರು ಛಂದಸ್ಸಿಗೆ ತಲೆದೂಗುತ್ತಿದ್ದರು, ನಾನು ಬೆರಳಲ್ಲಿ ಅಕ್ಷರ ಎಣಿಸುತ್ತಿದ್ದೆ.

ಈಗ ನನ್ನದು ಸಾಫ್ಟ್‌ವೇರ್ ಕೆಲಸ. ಲಿನಕ್ಸಿನಲ್ಲಿ ಗ್ರೆಪ್ ಅಂತ ಒಂದು ಕಮಾಂಡ್ ಇದೆ. ಎ ಆದ ಮೇಲೆ ಎಲ್ಲಾದರೂ ಇ, ಅದಾದ ಮೇಲೆ ಐ, ಹೀಗೆ ಒಂದು ಸಾಲು ಬರೆದು ಪದಗಳ ಪಟ್ಟಿ ತೋರಿಸಿದರೆ ಸಾಕು, ನನ್ನ ಎರಡು ತಿಂಗಳ ಮಧ್ಯಾಹ್ನಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತವೆ. ಹೋದ ತಿಂಗಳು ಸುಮ್ನೆ ಕೂತಿದ್ದಾಗ ಸ್ವರಗಳನ್ನು ಹಿಂದುಮುಂದಾಗಿ ಕೊಟ್ಟು ನೋಡಿದೆ: ಯು, ಓ, ಐ, ಇ, ಎ. 'ಸಬ್‌ಕಾಂಟಿನೆಂಟಲ್' ಬಂತು. ಹದಿನಾಲ್ಕು ಅಕ್ಷರ, ಎಲ್ಲ ಸ್ವರವೂ ಒಂದೇ ಸಲ! ಉಪಖಂಡದಲ್ಲೇ ಹುಟ್ಟಿ ಬೆಳೆದು ಇದನ್ನು ನೋಡಿರಲಿಲ್ಲವಲ್ಲ ಅನ್ನಿಸಿತು.

ತಡೆಯಲಾರದೆ ಮೇಷ್ಟ್ರಿಗೆ ಫೋನ್ ಮಾಡಿದೆ. ರಿಟೈರಾಗಿದ್ದಾರೆ, ಕಿವಿ ಸ್ವಲ್ಪ ಮಂದ, ಎರಡು ಸಲ ಹೇಳಬೇಕಾಯಿತು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಎಣಿಸುತ್ತಿದ್ದಾರೆ ಅಂತ ಗೊತ್ತಾಯಿತು.

"ಸರಿಯಾಗಿದೆ. ಎಷ್ಟು ದಿನ ಹಿಡೀತು?"

"ಕಂಪ್ಯೂಟರಲ್ಲಿ ಸಾರ್, ಒಂದು ಕ್ಷಣ."

"ಹಾಗಾದ್ರೆ ಮಾರ್ಕ್ಸು ಕಂಪ್ಯೂಟರಿಗೆ."

ಇಡುವ ಮೊದಲು ಇನ್ನೊಂದು ಕೊಟ್ಟರು. ಒಂದೇ ಅಕ್ಷರದ ಜೋಡಿ, ಅದರ ಪಕ್ಕಕ್ಕೇ ಇನ್ನೊಂದು ಜೋಡಿ, ಅದರ ಪಕ್ಕಕ್ಕೇ ಮತ್ತೊಂದು ಜೋಡಿ, ಹೀಗೆ ಮೂರು ಜೋಡಿ ಅಂಟಿಕೊಂಡು ಬರುವ ಪದ. ಕಂಪ್ಯೂಟರ್ ಮುಟ್ಟಕೂಡದು. ಸುಳಿವು: ನಮ್ಮ ಸ್ಕೂಲಿನ ಆಫೀಸಿನಲ್ಲೇ ಲೆಕ್ಕ ಬರೀತಾ ಕೂತಿರ್ತಿದ್ದರಲ್ಲ, ಅವರು.

ಗುಮಾಸ್ತರು ಅನ್ನೋಕೆ ಇಂಗ್ಲಿಷಿನಲ್ಲಿ ಇರುವ ಪದಗಳನ್ನೆಲ್ಲ ಬರೆದು ನೋಡಿದ್ದಾಯಿತು. ಒಂಬತ್ತು ದಿನವಾಯಿತು. ಗೊತ್ತಾದವರು ದಯವಿಟ್ಟು ನನಗೆ ಹೇಳಬೇಡಿ.