‘ಖಾಂದಾನ್’ ನೋಡಿದ ಆ ರಾತ್ರಿ

ಆಗ ನಾವು ಮಲ್ಲೇಶ್ವರದ ಒಂದು ವಠಾರದಲ್ಲಿದ್ದೆವು. ಒಂದು ರೂಮು, ಒಂದು ಅಡುಗೆಮನೆ, ಐದು ಜನ. ಟಿವಿ ಇದ್ದದ್ದು ಓನರ್ ಮನೆಯಲ್ಲಿ ಮಾತ್ರ. ರಾತ್ರಿ ದೆಹಲಿಯ ಕಾರ್ಯಕ್ರಮ ಶುರುವಾದರೆ ಇಡೀ ವಠಾರ ಅವರ ಹಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಿತ್ತು.

1984ರಲ್ಲಿ ಬಂದ ‘ಹಮ್ ಲೋಗ್’ ನಮ್ಮಂಥವರದೇ ಕಥೆ. ಆದರೆ ಅಮ್ಮನಿಗೆ ಜಾಸ್ತಿ ಹಿಡಿಸಿದ್ದು 1985ರ ‘ಖಾಂದಾನ್’. ಶ್ರೀರಾಮ್ ಲಾಗೂ, ನೀನಾ ಗುಪ್ತಾ ಇದ್ದ ಧಾರಾವಾಹಿ. ಅಮೆರಿಕದ ‘ಡೈನಾಸ್ಟಿ’ಯ ಧಾಟಿಯಲ್ಲಿ ದೊಡ್ಡ ಉದ್ಯಮಿಗಳ ಮನೆ ಕಥೆ. ಅಮ್ಮನಿಗೆ ಹಿಂದಿ ಬರುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ಆ ಮನೆಯನ್ನು. “ಒಬ್ಬೊಬ್ಬರಿಗೂ ಒಂದೊಂದು ರೂಮು ಕಣೇ. ಬೇಕಾದಾಗ ಬಾಗಿಲು ಹಾಕ್ಕೊಂಡು ಕೂತ್ಕೋಬಹುದು” ಅನ್ನುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ಹಿಂದಿ ಕಲಿಯುತ್ತಿದ್ದೆ. ಹಾಗಾಗಿ ಎಲ್ಲರಿಗೂ ಕನ್ನಡದಲ್ಲಿ ಹೇಳುವ ಕೆಲಸ ನನ್ನದೇ.

ಒಂದು ದಿನ ಅಣ್ಣನ ಕಾಲೇಜು ಫೀಸಿಗೆ ಅಮ್ಮ ತನ್ನ ಎರಡು ಬಳೆ ಗಿರವಿ ಇಟ್ಟು ಬಂದಳು. ಅವಳ ತಾಯಿ ಕೈಯಾರೆ ತೊಡಿಸಿದ್ದ ಬಳೆ. ಬಂದವಳೇ ಸ್ಟವ್ ಹಚ್ಚಿ ಸಾರಿಗಿಟ್ಟಳು. ಒಂದು ಮಾತಿಲ್ಲ. ಅಪ್ಪನೂ ಏನೂ ಕೇಳಲಿಲ್ಲ.

ರಾತ್ರಿ ‘ಖಾಂದಾನ್’ಗೆ ಹೋದೆವು. ದೀಪ ಆರಿಸಿದ್ದರು. ತೆರೆಯ ಮೇಲೆ ಯಾರೋ ವ್ಯವಹಾರದ ಮಾತಾಡುತ್ತಿದ್ದರು. ಪಕ್ಕದಲ್ಲಿ ಅಮ್ಮನ ಉಸಿರು ಬೇರೆ ಥರ ಕೇಳಿಸಿತು. ತಿರುಗಿ ನೋಡಿದೆ. ಖಾಲಿ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಅಳುತ್ತಿದ್ದಳು. ಇಡೀ ದಿನದಲ್ಲಿ ಅವಳಿಗೆ ಅಳೋಕೆ ಸಿಕ್ಕ ಜಾಗ ಅದೊಂದೇ.

ಓನರ್ ಮನೆ ಅಜ್ಜಿಗೂ ಕಾಣಿಸಿತು. “ಯಾಕೇ ಜಯಾ, ಅಂಥದ್ದೇನಂದ ಅವನು?”

ಎಲ್ಲರೂ ನನ್ನ ಕಡೆ ತಿರುಗಿದರು.

“ಆ ಮನೆ ಸೊಸೆಯ ತಾಯಿಗೆ ಹುಷಾರಿಲ್ಲವಂತೆ ಅಜ್ಜಿ” ಅಂದೆ. “ನೋಡೋಕೆ ಹೋಗಲು ಆಗ್ತಿಲ್ಲವಂತೆ.”

“ಅಯ್ಯೋ ಪಾಪ” ಅಂತ ಅಜ್ಜಿಯೂ ಕಣ್ಣೊರೆಸಿಕೊಂಡರು. ಅಮ್ಮ ನನ್ನ ಕೈ ಹಿಡಿದುಕೊಂಡಳು. ಮುಗಿಯುವವರೆಗೆ ಬಿಡಲಿಲ್ಲ.

‘ಖಾಂದಾನ್’ ಬಹಳ ಕಾಲ ನಡೆಯಲಿಲ್ಲ. ಮರುವರ್ಷ ‘ಬುನಿಯಾದ್’ ಬಂತು, ವಠಾರ ಅದರಲ್ಲಿ ಮುಳುಗಿತು. ಅಜ್ಜಿ ಮಾತ್ರ ಮರೆತಿರಲಿಲ್ಲ. ಒಂದು ಬೆಳಗ್ಗೆ ನಲ್ಲಿ ಹತ್ತಿರ ಅಮ್ಮನನ್ನು ಕೇಳಿದರು: “ಅಲ್ವೇ, ಆ ಸೊಸೆಯ ತಾಯಿ ಏನಾದಳು ಕೊನೆಗೆ?”

ಅಮ್ಮ ಬಿಂದಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಬಿಡಿಸಿಕೊಂಡು ಬಂದ ಬಳೆಗಳು ಹಿತ್ತಾಳೆಗೆ ತಾಗಿ ಸದ್ದಾಯಿತು.

“ಹುಷಾರಾದರು ಅಜ್ಜಿ” ಅಂದಳು.