ಆ ಹುಡುಗ ದುಡಿಯದಿದ್ದರೆ ಮನೆಯವರು ಏನು ಉಣ್ಣಬೇಕು?

ಕಾರ್ಮಿಕ ಕಾನೂನು ಪಾಠ ಮಾಡುವವಳು ನಾನು ಎಂದು ಗೊತ್ತಾದ ಕೂಡಲೇ, ಮದುವೆ ಮನೆಯ ಪಂಕ್ತಿಯಲ್ಲಾಗಲಿ ರೈಲಿನಲ್ಲಾಗಲಿ, ಒಂದೇ ಪ್ರಶ್ನೆ ಬರುತ್ತದೆ: "ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗನನ್ನು ಬಿಡಿಸಬಹುದು ಮೇಡಂ, ಆಮೇಲೆ ಅವನ ಮನೆಯವರು ಏನು ಉಣ್ಣಬೇಕು?" ಕೇಳುವವರು ಕಲ್ಲೆದೆಯವರಲ್ಲ. ಸಹಾಯವಾಣಿಗೆ ಕರೆ ಮಾಡಲು ಮೊಬೈಲ್ ತೆಗೆದು, ಹುಡುಗನ ತಾಯಿಯನ್ನು ನೆನೆದು, ಮತ್ತೆ ಜೇಬಿಗಿಟ್ಟವರು. ಪಾಯಸ ಬಡಿಸುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಮನೆಯ ಮಾತು. ದಕ್ಷಿಣ ಕನ್ನಡದ ನಮ್ಮ ಊರಿನಲ್ಲಿ ಅಮ್ಮ ಬೀಡಿ ಕಟ್ಟುತ್ತಿದ್ದರು. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತರಬೇಕು, ಕಟ್ಟಿದ್ದನ್ನು ಎಣಿಸಿ ಒಪ್ಪಿಸಬೇಕು. ಕೂಲಿ ಸಾವಿರ ಬೀಡಿಗೆ ಇಷ್ಟು ಎಂದು. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸುವುದು, ಸುತ್ತಿದ ಬೀಡಿಯ ಬಾಯಿ ಮಡಚುವುದು ನನ್ನ ಮತ್ತು ಅಕ್ಕನ ಪಾಲು. ಅಮ್ಮ ಒಬ್ಬರೇ ಕುಳಿತರೆ ದಿನಕ್ಕೆ ಸಾವಿರ ತುಂಬುತ್ತಿರಲಿಲ್ಲ, ನಾವು ಸೇರಿದರೆ ತುಂಬುತ್ತಿತ್ತು. ಆ ದರ ನಿಂತಿದ್ದೇ ಸಂಬಳವಿಲ್ಲದ ನಮ್ಮ ಬೆರಳುಗಳ ಮೇಲೆ ಎಂಬುದು ನನಗೆ ಅರ್ಥವಾದದ್ದು ಬಹಳ ವರ್ಷಗಳ ನಂತರ, ಇಂಗ್ಲೆಂಡಿನ ಹತ್ತಿ ಗಿರಣಿಗಳ ಚರಿತ್ರೆ ಓದುವಾಗ.

ಅಲ್ಲಿ ನೂಲುವವನ ಪಕ್ಕದಲ್ಲಿ, ಕಡಿದ ಎಳೆಗಳನ್ನು ಜೋಡಿಸಲು ಮಕ್ಕಳು ನಿಲ್ಲುತ್ತಿದ್ದರು. ಎಷ್ಟೋ ಕಡೆ ಆ ಮಕ್ಕಳಿಗೆ ಕೂಲಿ ಕೊಡುತ್ತಿದ್ದವನು ಮಾಲೀಕನಲ್ಲ, ನೂಲುವವನೇ, ತನ್ನ ಗಳಿಕೆಯಿಂದ. ಮಕ್ಕಳ ದುಡಿಮೆಗೆ ಮಿತಿ ಹಾಕಿದ 1802 ಮತ್ತು 1819ರ ಕಾಯ್ದೆಗಳು ಹೆಚ್ಚುಕಡಿಮೆ ಕಾಗದದಲ್ಲೇ ಉಳಿದವು, ಏಕೆಂದರೆ ಗಿರಣಿಯ ಬಾಗಿಲು ತಟ್ಟಿ ಒಳಗೆ ನೋಡುವ ಸರ್ಕಾರಿ ಅಧಿಕಾರಿಯೇ ಇರಲಿಲ್ಲ. 1833ರ ಕಾಯ್ದೆ ನಾಲ್ವರು ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ರೇಷ್ಮೆ ಗಿರಣಿಗಳನ್ನು ಬಿಟ್ಟು ಉಳಿದೆಡೆ 9 ವರ್ಷದೊಳಗಿನವರನ್ನು ಸೇರಿಸುವಂತಿಲ್ಲ, 9 ದಾಟಿ 13 ತುಂಬದವರಿಗೆ ವಾರಕ್ಕೆ 48 ಗಂಟೆ ಮಾತ್ರ ಕೆಲಸ, ಜೊತೆಗೆ ದಿನಕ್ಕೆ 2 ಗಂಟೆ ಪಾಠ. ಜನನ ನೋಂದಣಿ ಆರಂಭವಾದದ್ದೇ 1837ರಲ್ಲಿ. ಹಾಗಾಗಿ ವೈದ್ಯರು ಮಗುವಿನ ಎತ್ತರ ಅಳೆದು, ಹಲ್ಲು ನೋಡಿ ವಯಸ್ಸು ಬರೆದುಕೊಡುತ್ತಿದ್ದರು. ದನದ ಜಾತ್ರೆಯಲ್ಲಿ ಕರುಗಳ ಬಾಯಿ ಬಿಡಿಸುವುದನ್ನು ಕಂಡವಳು ನಾನು, ಈ ವಿವರ ಓದಿದ ದಿನ ನಿದ್ದೆ ಬರಲಿಲ್ಲ.

"ಮಕ್ಕಳ ಕೂಲಿ ನಿಂತರೆ ಬಡವರು ಉಪವಾಸ ಬೀಳುತ್ತಾರೆ" ಎಂಬ ಮಾತು ಆಗಲೂ ಇತ್ತು. ಹೇಳುತ್ತಿದ್ದವರಲ್ಲಿ ಗಿರಣಿ ಮಾಲೀಕರೇ ಮುಂದಿದ್ದರು. ವಯಸ್ಕ ಕೆಲಸಗಾರರು ಕೇಳುತ್ತಿದ್ದದ್ದು ಎಲ್ಲರಿಗೂ ಹತ್ತು ಗಂಟೆಯ ದಿನವನ್ನು. ಹೆಂಗಸರಿಗೂ 18ರೊಳಗಿನವರಿಗೂ ಆ ಮಿತಿ ಬರಲು 1847 ಆಗಬೇಕಾಯಿತು.

ನಮ್ಮಲ್ಲಿ ಕಥೆ ಇನ್ನಷ್ಟು ತೊಡಕಿನದು. 1881ರ ಮೊದಲ ಕಾರ್ಖಾನೆ ಕಾಯ್ದೆ ನಿಷೇಧಿಸಿದ್ದು 7 ವರ್ಷದೊಳಗಿನವರನ್ನು ಮಾತ್ರ. 12ರೊಳಗಿನವರು 9 ಗಂಟೆ ದುಡಿಯಬಹುದಿತ್ತು. ಅದರ ಹಿಂದೆ ಇಂಗ್ಲೆಂಡಿನ ಲಂಕಾಶೈರ್ ಗಿರಣಿಗಳ ಒತ್ತಡವಿತ್ತು, ಮುಂಬಯಿಯ ಅಗ್ಗದ ಬಟ್ಟೆ ಅವರಿಗೆ ನುಂಗಲಾರದ ತುತ್ತಾಗಿತ್ತು. ಇದೇ ಕಾರಣಕ್ಕೆ ನಮ್ಮ ರಾಷ್ಟ್ರೀಯವಾದಿ ಪತ್ರಿಕೆಗಳು ಕಾಯ್ದೆಯನ್ನು ವಿರೋಧಿಸಿದವು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಏಳು ವರ್ಷದ ಮಗುವಿನ ಪರವಾಗಿ ಬರೆಯಬೇಕಾಗಿದ್ದ ಲೇಖನಿಗಳು ಮಾಲೀಕರ ಕಡೆ ವಾಲಿದ್ದನ್ನು ನಾನು ಕ್ಷಮಿಸಲಾರೆ. ಗಿರಣಿ ಕೆಲಸಗಾರರ ಸಂಕಟ ಅರಿತಿದ್ದವರು ಮುಂಬಯಿಯ ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆ. 1884ರಲ್ಲಿ ಅವರು ಸೇರಿಸಿದ ಸಭೆ ವಾರದ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ತಿಂಗಳ 15ರೊಳಗೆ ಸಂಬಳ, ಕೆಲಸದಲ್ಲಿ ಗಾಯಗೊಂಡವರಿಗೆ ಗುಣವಾಗುವವರೆಗೆ ಕೂಲಿ ಕೇಳಿತು. 1891ರ ಕಾಯ್ದೆಯಲ್ಲಿ ವಾರದ ರಜೆ ಬಂತು, ಮಕ್ಕಳ ಕನಿಷ್ಠ ವಯಸ್ಸು 9ಕ್ಕೇರಿತು. ದೊಡ್ಡವರ ಬಿಡುವು, ಮಕ್ಕಳ ಬಿಡುಗಡೆ ಒಂದೇ ಕಾಯ್ದೆಯಲ್ಲಿ ಬಂದವು.

ಮಗುವಿನ ಕೂಲಿ ಎಲ್ಲ ಕಡೆಯೂ ಮನೆಯ ಅನ್ನವಾಗುತ್ತದೆ ಎಂದುಕೊಳ್ಳಬೇಡಿ. ಬಹಳಷ್ಟು ಕಡೆ ಅದು ಸಾಲಕ್ಕೆ ಜಮೆಯಾಗುತ್ತದೆ. ಅಪ್ಪ ಮುಂಗಡ ಪಡೆದು, ತೀರುವವರೆಗೆ ಮಗನನ್ನು ಬಿಟ್ಟು ಬರುವ ಕರಾರನ್ನು 1933ರ ಕಾಯ್ದೆಯೇ ಅಸಿಂಧು ಎಂದಿತು. ಎಪ್ಪತ್ತು ವರ್ಷ ಕಳೆದ ಮೇಲೂ ನಮ್ಮ ಮಾಗಡಿಯ ಕಡೆ ರೇಷ್ಮೆ ಹುರಿ ಮಾಡುವ ಘಟಕಗಳಲ್ಲಿ ಇಂಥ ಮಕ್ಕಳಿದ್ದರು.

ಮೈಸೂರು ಸೀಮೆಯವರೇ ಆದ ಎಂ.ಎಸ್. ಗುರುಪಾದಸ್ವಾಮಿಯವರ ಅಧ್ಯಕ್ಷತೆಯಲ್ಲಿ 1979ರಲ್ಲಿ ಬಾಲಕಾರ್ಮಿಕರ ಕುರಿತ ಸಮಿತಿ ರಚನೆಯಾಯಿತು. ಅದರ ವರದಿಯ ನೆಲೆಯಲ್ಲಿ 1986ರ ಬಾಲಕಾರ್ಮಿಕ ಕಾಯ್ದೆ ಬಂತು. ನಿಷೇಧದ ಪಟ್ಟಿಯಲ್ಲಿ ಬೀಡಿಯೂ ಇತ್ತು. ಆದರೆ ಮನೆಯವರ ನೆರವಿನಿಂದ ನಡೆಸುವ ಕೆಲಸಕ್ಕೆ ನಿಷೇಧ ಅನ್ವಯಿಸುವುದಿಲ್ಲ ಎಂಬ ಒಂದು ವಾಕ್ಯವೂ ಇತ್ತು. ನಾನು, ಅಕ್ಕ ಎಲೆ ಕತ್ತರಿಸುತ್ತಿದ್ದದ್ದು ಆ ವಾಕ್ಯದ ನೆರಳಿನಲ್ಲೇ. 2016ರ ತಿದ್ದುಪಡಿ 14ರೊಳಗಿನವರ ದುಡಿಮೆಯನ್ನು ಎಲ್ಲ ಕಡೆ ನಿಷೇಧಿಸಿದರೂ, ಅಪಾಯಕಾರಿಯಲ್ಲದ ಮನೆ ಉದ್ಯಮಕ್ಕೆ, ಶಾಲೆ ಬಿಟ್ಟ ನಂತರ ಮತ್ತು ರಜೆಯಲ್ಲಿ ಎಂದು, ಬಾಗಿಲು ತೆರೆದೇ ಇಟ್ಟಿದೆ. ಅದನ್ನು ಮುಚ್ಚಬೇಕು.

ಇನ್ನು ನಿಮ್ಮ ಪ್ರಶ್ನೆ. ಅದಕ್ಕೆ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 10ರಂದೇ ಉತ್ತರ ಬರೆದಿದೆ. ಶಿವಕಾಶಿಯ ಬೆಂಕಿಪೊಟ್ಟಣ, ಪಟಾಕಿ ಕಾರ್ಖಾನೆಗಳ ಮಕ್ಕಳ ಕುರಿತು ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆ ಅದು. ಅಪಾಯಕಾರಿ ಕೆಲಸದಿಂದ ಬಿಡಿಸಿದ ಪ್ರತಿ ಮಗುವಿಗೆ ಮಾಲೀಕ 20,000 ರೂಪಾಯಿ ಕಟ್ಟಬೇಕು. ಮಗುವಿನ ಬದಲಿಗೆ ಆ ಮನೆಯ ದೊಡ್ಡವರೊಬ್ಬರಿಗೆ ಕೆಲಸ ಕೊಡಬೇಕು. ಆಗದಿದ್ದರೆ ಸರ್ಕಾರ 5,000 ಸೇರಿಸಬೇಕು, ಆ ಒಟ್ಟು ಮೊತ್ತದಿಂದ ಬರುವ ಆದಾಯ ಮನೆಗೆ ತಲುಪಬೇಕು. ಈಗಿನ ಕಾಯ್ದೆಯಲ್ಲೂ ದಂಡದ ಹಣ ಪುನರ್ವಸತಿ ನಿಧಿಗೆ ಹೋಗಿ, ಸರ್ಕಾರದ 15,000 ಅದಕ್ಕೆ ಸೇರಬೇಕೆಂದಿದೆ.

ಹಾಗಾಗಿ ಮೊಬೈಲನ್ನು ಜೇಬಿಗಿಡಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಎರಡು ತಿಂಗಳು ಬಿಟ್ಟು ಕಾರ್ಮಿಕ ಇಲಾಖೆಯ ಕಚೇರಿಗೂ ಹೋಗಿ, ಆ ಹುಡುಗನ ಹೆಸರಿಗೆ ಹಣ ಜಮೆಯಾಯಿತೇ, ಅವನ ಅಮ್ಮನಿಗೆ ಕೆಲಸ ಸಿಕ್ಕಿತೇ ಎಂದು ಕೇಳಿ.