ಕೋಡ್ ಬ್ಲೂ ನೋಡ್ತಾ ನೋಡ್ತಾ

2008ರಲ್ಲಿ ಜಪಾನಿನ ಫ್ಯೂಜಿ ಟಿವೀಲಿ ಬಂದಿದ್ದ ಕೋಡ್ ಬ್ಲೂ ಸೀರಿಯಲ್ ಮತ್ತೆ ನೋಡ್ತಾ ಇದೀನಿ, ಹೆಲಿಕಾಪ್ಟರ್ ಹತ್ತಿ ಆಕ್ಸಿಡೆಂಟ್ ಆದ ಜಾಗಕ್ಕೇ ಹೋಗೋದನ್ನ ಕಲೀತಿರೋ ಎಳೇ ಡಾಕ್ಟರ್‌ಗಳ ಕಥೆ. ಅವರಲ್ಲೊಬ್ಬಳಾದ ಶಿರಾಯಿಶಿನ ಕಾಪಾಡೋಕೆ ಹೋಗಿ ಸೀನಿಯರ್ ಕುರೋಡಾ ಕೈ ಸಿಕ್ಕಾಕೊಳ್ಳುತ್ತೆ, ಜೀವ ಉಳೀಬೇಕಂದ್ರೆ ಕೈ ತೆಗೀಲೇಬೇಕು, ತೆಗೆಯೋನು ಅವರ ಹತ್ರಾನೇ ಕೆಲಸ ಕಲೀತಿರೋ ಐಝಾವಾ. ಅದಾದ್ಮೇಲೂ ಶಿರಾಯಿಶಿ ಅದೇ ಆಸ್ಪತ್ರೆಗೆ ಡ್ಯೂಟಿಗೆ ಬರ್ಬೇಕಲ್ಲ, ಇನ್ನೊಬ್ಬರ ನಾಡಿ ಹಿಡೀಬೇಕಲ್ಲ, ನೆನೆಸ್ಕೊಂಡ್ರೇ ಹೊಟ್ಟೆಯೊಳಗೆ ಸಂಕಟ ಆಗುತ್ತೆ. ಎರಡನೇ ಸೀಸನ್‌ನಲ್ಲಿ ಅವರ ಜೊತೇಲೇ ಕಲೀತಿರೋ ಹಿಯಾಮಾ, ಬ್ರೈನ್ ಡೆಡ್ ಆದ ಮಗೂಗೆ ತಾಯಿ ಒಪ್ಪಿದ್ಮೇಲೇ ಟ್ರೀಟ್‌ಮೆಂಟ್ ನಿಲ್ಲಿಸ್ತಾಳೆ, ಸಹಿ ಮಾತ್ರ ಹಾಕಿಸ್ಕೊಂಡಿರಲ್ಲ, ಮನೆಯವರ ಕಡೆಯಿಂದ ದೂರು ಬರುತ್ತೆ. ಆ ತಾಯಿ ಮುಂದೆ ಪೇಪರ್ ಹಿಡಿಯೋಕೆ ಯಾರಿಗೆ ತಾನೆ ಮನಸ್ಸು ಬರುತ್ತೆ ಹೇಳಿ, ನಾನಂತೂ ಪೂರ್ತಿ ಹಿಯಾಮಾ ಕಡೆ.